ಆರೆಂಜ್, ಮ್ಯಾಂಡರಿನ್: ಕೊಡಗಿನ ಕಿತ್ತಳೆಗೆ ಎರಡು ಇಂಗ್ಲಿಷ್ ಹೆಸರು

‘ಆರೆಂಜ್’ ಕನ್ನಡದಿಂದ ಹೋದ ಪದವೇ ಎಂದು ಮಡಿಕೇರಿಯಿಂದ ಬಂದ ಪ್ರಶ್ನೆಗೆ ಉತ್ತರ: ಕನ್ನಡದಿಂದಲೇ ಎನ್ನಲು ಆಧಾರವಿಲ್ಲ. ಮೂಲ ದ್ರಾವಿಡ ಎಂಬುದನ್ನು ಮಾತ್ರ ಹೆಚ್ಚಿನ ನಿಘಂಟುಗಳು ಒಪ್ಪುತ್ತವೆ.

ಇಂಗ್ಲಿಷಿಗೆ ಇದು ಬಂದದ್ದು ಹಳೆಯ ಫ್ರೆಂಚಿನಿಂದ, 14ನೇ ಶತಮಾನದ ಹೊತ್ತಿಗೆ. ಹಿಂದಕ್ಕೆ ಹೋದರೆ ಅರಬ್ಬಿಯ ‘ನಾರಂಜ್’, ಪಾರಸಿಯ ‘ನಾರಂಗ್’, ಸಂಸ್ಕೃತದ ‘ನಾರಂಗ’. ಅರಬ್ಬಿಯಲ್ಲಿ ‘ಗ’ ಇಲ್ಲದ್ದರಿಂದ ಎರವಲು ಪದಗಳಲ್ಲಿ ಆ ಜಾಗಕ್ಕೆ ‘ಜ’ ಬರುತ್ತದೆ. ‘ನಾರಂಜ್’ ಆದದ್ದು ಹಾಗೆ. ಸಂಸ್ಕೃತದ ಹಿಂದೆ ಇರುವುದು ತಮಿಳಿನ ‘ನಾರತ್ತೈ’, ಮಲಯಾಳದ ‘ನಾರಙ’ಗಳ ಕುಟುಂಬ. ವಿರಾಜಪೇಟೆ ಸಂತೆಯಲ್ಲಿ ಮಲಯಾಳಿ ಗಿರಾಕಿ ‘ನಾರಙ’ ಕೇಳಿದರೆ ಕೈ ಹೋಗಬೇಕಾದದ್ದು ನಿಂಬೆಹಣ್ಣಿನ ರಾಶಿಗೆ, ಕಿತ್ತಳೆಗಲ್ಲ. ‘ನಾಗರಂಗ’ ಎಂಬ ರೂಪ ಹಿಡಿದು ಹಾವಿಗೋ ಆನೆಗೋ ಹಣ್ಣಿನ ನಂಟು ಹಚ್ಚುವ ಕಥೆಗಳನ್ನು ದಯವಿಟ್ಟು ಬಿಡಿ.

ಮೊದಲಿನ ‘ನ’ ಎಲ್ಲಿ ಹೋಯಿತು? ಸ್ಪ್ಯಾನಿಷಿನ ‘ನರಾಂಹ’ದಲ್ಲಿ ಅದು ಉಳಿದಿದೆ. ಇಟಾಲಿಯನ್ನಿನಲ್ಲಿ ಹಿಂದೆ ಬರುವ, ‘ಒಂದು’ ಎಂಬರ್ಥದ ‘ಉನ’ದ ನಕಾರಕ್ಕೆ ಅಂಟಿಕೊಂಡು ‘ಅರಾಂಚ’ ಆಯಿತು. ಫ್ರೆಂಚಿನಲ್ಲಿ ಚಿನ್ನಕ್ಕೆ ‘ಓರ್’ ಎನ್ನುತ್ತಾರೆ. ಹಣ್ಣಿನ ಬಣ್ಣವೂ ಹೊಂದಿದ್ದರಿಂದ ಮೊದಲ ಸ್ವರ ‘ಅ’ದಿಂದ ‘ಓ’ ಕಡೆಗೆ ವಾಲಿತೆನ್ನುತ್ತಾರೆ. ಇಂಗ್ಲಿಷಿನಲ್ಲೇ ‘ಎ ನೊರೆಂಜ್’ ಒಡೆದು ‘ಆ್ಯನ್ ಆರೆಂಜ್’ ಆಯಿತೆಂದು ಹಲವರು ಬರೆಯುತ್ತಾರೆ, ಅದು ತಪ್ಪು. ‘ಏಪ್ರನ್’ ಪದಕ್ಕೆ ಆ ವಿವರಣೆ ಸರಿ; ‘ಆರೆಂಜ್’ ಇಂಗ್ಲಿಷ್ ಮುಟ್ಟುವಾಗಲೇ ‘ನ’ ಕಳಚಿತ್ತು. ಬಣ್ಣದ ಹೆಸರಾಗಿ ಬಳಕೆಗೆ ಬಂದದ್ದು 16ನೇ ಶತಮಾನದಲ್ಲಿ.

ನಮ್ಮ ‘ಕಿತ್ತಳೆ’ಗೂ ಇದಕ್ಕೂ ನಂಟಿಲ್ಲ. ‘ಈಳೆ’ ಈ ಜಾತಿಯ ಹಣ್ಣಿಗೆ ಹಳೆಯ ಕನ್ನಡ ಹೆಸರು. ಕಿರಿದು ಕಿತ್ತೀಳೆ, ಹಿರಿದು ಹೇರೀಳೆ. ಮಾತಿನಲ್ಲಿ ಸವೆದು ಕಿತ್ತಳೆ, ಹೇರಳೆ.

ಇನ್ನೊಂದು ಮಾತು. ಅರಬ್ಬರು ಪಶ್ಚಿಮಕ್ಕೆ ಒಯ್ದದ್ದು ಕಹಿ ಕಿತ್ತಳೆ. ಸಿಹಿಯದು ಯುರೋಪಿನಲ್ಲಿ ಹರಡಿದ್ದು ಆಮೇಲೆ. ಕೊಡಗಿನ ಕಾಫಿ ತೋಟಗಳದ್ದು ಎರಡೂ ಅಲ್ಲ. ಹೆಬ್ಬೆರಳಿನ ಉಗುರು ತಾಗಿಸಿದರೆ ಸಾಕು, ಸಿಪ್ಪೆ ಸಡಿಲವಾಗಿ ಬಿಟ್ಟುಬರುತ್ತದೆ, ತೊಳೆಗಳು ತಾವೇ ಬೇರೆಯಾಗುತ್ತವೆ. ಭೌಗೋಳಿಕ ಸೂಚಕ ಪಟ್ಟಿಯಲ್ಲಿ ‘ಕೂರ್ಗ್ ಆರೆಂಜ್’ ಎಂದಿದ್ದರೂ ತೋಟಗಾರಿಕೆ ವಿಜ್ಞಾನಿಗಳು ಬರೆಯುವುದು ‘ಕೂರ್ಗ್ ಮ್ಯಾಂಡರಿನ್’. ‘ಮ್ಯಾಂಡರಿನ್’ ಹೆಸರಿನ ಬೇರು ಇನ್ನೂ ಸ್ಪಷ್ಟ. ಸಂಸ್ಕೃತದ ‘ಮಂತ್ರಿ’ ಮಲಯ್ ಭಾಷೆಯಲ್ಲಿ ‘ಮೆಂತರಿ’ ಆಯಿತು. ಪೋರ್ಚುಗೀಸರು ಅದನ್ನು ಚೀನಾದ ಅಧಿಕಾರಿಗಳಿಗೆ ಹಚ್ಚಿದಾಗ, ಅಪ್ಪಣೆ ಕೊಡು ಎಂಬರ್ಥದ ತಮ್ಮ ‘ಮಂದಾರ್’ ಕ್ರಿಯಾಪದದ ಪ್ರಭಾವದಲ್ಲಿ ‘ತ’ ಹೋಗಿ ‘ದ’ ಬಂತು. ಹಣ್ಣಿಗೆ ಆ ಹೆಸರು ಅಂಟಿದ್ದು ಅಧಿಕಾರಿಗಳ ಹಳದಿ ನಿಲುವಂಗಿಯಿಂದ ಇರಬಹುದೆನ್ನುತ್ತಾರೆ.