ಪೈಲ್ಸ್ ಆಪರೇಷನ್ ಆದಮೇಲೆ ತೊಂದರೆ ಯಾರಿಗೆ ಜಾಸ್ತಿ?

ತೀರ್ಥಹಳ್ಳಿ: ಅಪ್ಪಯ್ಯನಿಗೆ 64. ಶುಗರ್ ಇದೆ, ಹಾರ್ಟಿಗೆ ಸ್ಟೆಂಟ್ ಹಾಕಿ ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ಕೊಡೋ ಮಾತ್ರೆ) ನಡೀತಿದೆ. ಮೂಲವ್ಯಾಧಿ ಮೂರನೇ ಗ್ರೇಡ್, ಅಂದರೆ ಹೊರಗೆ ಜಾರಿದ ಗಂಟನ್ನು ಕೈಯಿಂದ ಒಳಗೆ ತಳ್ಳಬೇಕು. ಅಡಿಕೆ ಕೊಯ್ಲಿಗೆ ಮುಂಚೆ ಮಾಡಿಸೋಣ ಅಂತ. ಬಲ್ಲವರು ಹೇಳಿ.

ಸಾಗರ: ಗಂಟು ಕತ್ತರಿಸಿ ಗಾಯ ಹೊಲಿಯದೆ ಬಿಡೋ ಓಪನ್ ಸರ್ಜರಿಯೇ ಸರಿ. ಮಿಲಿಗನ್, ಮಾರ್ಗನ್ ಅನ್ನೋ ಡಾಕ್ಟರುಗಳು 1937ರಲ್ಲಿ ಬರೆದಿಟ್ಟ ಪದ್ಧತಿ, ಇವತ್ತಿಗೂ ದೊಡ್ಡ ಗಂಟಿಗೆ ಅದೇ ಗಟ್ಟಿ. ಗಾಯಗಳ ನಡುವೆ ಚರ್ಮದ ಪಟ್ಟಿ ಉಳಿಸದೆ ಕತ್ತರಿಸಿದರೆ ಮಾತ್ರ ಮಾಯುವಾಗ ದ್ವಾರ ಬಿಗಿದುಕೊಳ್ಳುತ್ತೆ. ನೋವು ಬರೋದು ಒಳಗಿನ ಸ್ನಾಯು ಹಿಡಿದುಕೊಳ್ಳೋದರಿಂದ. ಡಾಕ್ಟರು ಬರೆದರೆ 2% ಡಿಲ್ಟಿಯಾಜೆಮ್ ಮುಲಾಮು ಹಚ್ಚಿ. ಬರೀ ಟ್ರಮಡಾಲ್ ನುಂಗುತ್ತಾ ಕೂತರೆ ಮಲ ಕಟ್ಟಿ, ಮುಕ್ಕಿ, ಗಾಯ ಒಡೆಯುತ್ತೆ.

ಹೊಸನಗರ: ಯಾವ ಕಾಲದಲ್ಲಿದ್ದೀರಿ ಮಾರಾಯ್ರೇ? ಲೇಸರ್‌ನಲ್ಲಿ ನೋವು ಕಮ್ಮಿ, ಬೇಗ ಕೆಲಸಕ್ಕೆ ಹೋಗಬಹುದು. ಬಿಲ್ ಮಾತ್ರ ಮೊದಲೇ ಬರೆಸಿಕೊಳ್ಳಿ: ಫೈಬರ್ ಬೇರೆ, ಅರಿವಳಿಕೆಯವರ ಫೀಸ್ ಬೇರೆ, ರೂಮ್ ಬೇರೆ. ಸ್ಟೇಪ್ಲರ್ (ಕತ್ತರಿಸಿ ಪಿನ್ ಹೊಡೆಯೋ ಪದ್ಧತಿ) ಆದರೆ ಒಂದೇ ಸಲ ಬಳಸೋ ಗನ್, ಅದರ ರೇಟು ಕೇಳದೆ ಸಹಿ ಹಾಕಬೇಡಿ.

ಸಾಗರ: ಹೊರಗೆ ಜಾರೋ ಗಂಟಿಗೆ ಲೇಸರ್ ಹಾಕಿದರೆ ತಿರುಗಿ ಬರೋ ಸಂಭವ ಜಾಸ್ತಿ. ಆ ಎರಡನೇ ಬಿಲ್ಲನ್ನೂ ಸೇರಿಸಿ ಹೇಳಿ.

ಶಿವಮೊಗ್ಗ, ವಾರ್ಡ್ ನರ್ಸ್: ಇಬ್ಬರೂ ಮುದುಕರ ಶುಗರ್, ಸ್ಟೆಂಟ್ ಮರೆತಿದ್ದೀರಿ. ಕ್ಲೋಪಿಡೋಗ್ರೆಲ್ ನಿಲ್ಲಿಸೋದಾದರೆ ಸಾಮಾನ್ಯವಾಗಿ 5 ದಿನ ಮುಂಚೆ, ಆದರೆ ಹಾರ್ಟಿನ ಡಾಕ್ಟರು ಹೇಳಿದರೆ ಮಾತ್ರ. ಸ್ಟೆಂಟ್ ಹೊಸದಾದರೆ ಆಪರೇಷನ್ನೇ ಮುಂದೂಡಬೇಕು. ಮೊದಲ ರಾತ್ರಿಯ ಕಾಟ ಮೂತ್ರ ಕಟ್ಟೋದು: ಬೆನ್ನಿಗೆ ಕೊಟ್ಟ ಅರಿವಳಿಕೆ ಇಂಜೆಕ್ಷನ್, ದಪ್ಪಗಾದ ಪ್ರಾಸ್ಟೇಟ್ ಗ್ರಂಥಿ, ಮೇಲಿಂದ ಮೇಲೆ ಹಾಕಿದ ಡ್ರಿಪ್ ಸೇರಿದಾಗ. 6–8 ಗಂಟೆ ಹೋಗದಿದ್ದರೆ ಸಿಸ್ಟರಿಗೆ ಹೇಳಿ, ನಾಚಿಕೆ ಬೇಡ. ರಕ್ತ ಮೊದಲ ದಿನ ಬರಬಹುದು. ಅದು ತಪ್ಪಿದರೂ 7ರಿಂದ 14ನೇ ದಿನದೊಳಗೆ ಹಕ್ಕಳೆ ಉದುರುವಾಗ ಬರಬಹುದು. ಆ ವಾರ ಮಳೆಯಲ್ಲಿ ಘಾಟಿ ದಾಟೋ ಮನೆಗಿಂತ ಪೇಟೆಯ ನೆಂಟರ ಮನೆ ವಾಸಿ. ಜ್ವರ, ಹೆಚ್ಚುತ್ತಿರೋ ನೋವು, ಮೂತ್ರ ಕಟ್ಟೋದು ಒಟ್ಟಿಗೆ ಬಂದರೆ ಸೋಂಕು ಒಳಗಿಳಿದಿರಬಹುದು, ಬೆಳಗಾಗೋ ತನಕ ಕಾಯಬೇಡಿ. ಶುಗರ್ ಇದ್ದವರಿಗೆ ಇದು ಬೇಗ ಕೈಮೀರುತ್ತೆ.

ಕೊಪ್ಪ: ಇಷ್ಟೆಲ್ಲ ಕತ್ತರಿ ಯಾಕೆ? ಆಯುರ್ವೇದದ ಕ್ಷಾರಸೂತ್ರ (ಔಷಧಿ ಲೇಪಿಸಿದ ದಾರ) ಮಾಡಿಸಿ. ಬಾಳೆದಿಂಡು, ಬಸಳೆ, ಕುಚ್ಚಲಕ್ಕಿ ಗಂಜಿ ಸಾಕು.

ನರ್ಸ್: ಕ್ಷಾರಸೂತ್ರದಲ್ಲೂ ಗಂಟಿನ ಬುಡಕ್ಕೆ ದಾರ ಬಿಗಿದು ಉದುರಿಸೋದೇ, ಗಾಯ ಗಾಯವೇ. ಸ್ಟೆಂಟಿನ ಮಾತ್ರೆ ವಿಷಯ ಅಲ್ಲಿಯೂ ಹೇಳಲೇಬೇಕು. ಇಸಬ್ಗೋಲ್ ತಿಂದರೆ ದೊಡ್ಡ ಲೋಟ ನೀರು ಕುಡಿಸಿ, ಇಲ್ಲದಿದ್ದರೆ ಅದೇ ಗಟ್ಟಿಯಾಗುತ್ತೆ.

ಕೊಪ್ಪ: ಬಿಸಿನೀರಿಗೆ ಡೆಟಾಲ್ ಹಾಕಿ ಕೂರಿಸಿ ಮತ್ತೆ.

ಸಾಗರ: ಹಾಕಲೇಬೇಡಿ, ಉರಿ ಏಳುತ್ತೆ. ಬರೀ ಬೆಚ್ಚಗಿನ ನೀರು, 10–15 ನಿಮಿಷ.