ರಿಯೊ ಕಾರ್ನಿವಲ್: ಯಾವ ಸೆಕ್ಟರ್‌ನಲ್ಲಿ ಕೂರೋದು? ವೇಷ ಹಾಕಿ ಮೆರವಣಿಗೆಗೆ ಇಳಿಯಬಹುದಾ?

ದೂರದಾರಿ (ಪ್ರಶ್ನೆ):
2027ರ ಕಾರ್ನಿವಲ್‌ಗೆ ಇಬ್ಬರು ರಿಯೊ ಡಿ ಜನೈರೊಗೆ ಹೋಗ್ತಿದೀವಿ. ಸಾಂಬೊಡ್ರೊಮೊದಲ್ಲಿ (ಮೆರವಣಿಗೆ ರಸ್ತೆ, ಬದಿಗಳಲ್ಲಿ ನೋಡುಗರ ಮೆಟ್ಟಿಲುಗಳು; ಒಂದೊಂದು ಭಾಗಕ್ಕೆ ಸೆಕ್ಟರ್ ಅಂತಾರೆ) ಒಂದು ರಾತ್ರಿಯ ಟಿಕೆಟ್ ತಗೋಬೇಕು. ಸೆಕ್ಟರ್ 9 ಪ್ರವಾಸಿಗರಿಗೆ, 12-13 ಅಗ್ಗ, ಫ್ರಿಜಾ ಅಂದ್ರೆ ತೀರಾ ಹತ್ತಿರ ಅಂತ ಓದಿದೆ. ನಮಗೆ ಡೋಲಿನ ತಂಡವನ್ನ ಚೆನ್ನಾಗಿ ನೋಡೋ ಆಸೆ. ಹೊರಗಿನವರೂ ವೇಷ ಕೊಂಡು ಮೆರವಣಿಗೆಯಲ್ಲಿ ಸೇರಬಹುದಂತೆ, ನಿಜವಾ?

ತಾಳಗತಿ:
ಡೋಲೇ ಮುಖ್ಯ ಅಂದ್ರೆ 9 ಅಥವಾ 11 ತಗೊಳ್ಳಿ. ಇವೆರಡರ ನಡುವೆ ರಸ್ತೆ ಬದಿಗೆ ಒಳಸರಿದ ಜಾಗ ಇದೆ, ರೆಕೂವೊ ಅಂತಾರೆ. ಡೋಲಿನ ತಂಡ (ಬಾತೆರಿಯಾ) ಸಾಲು ಬಿಟ್ಟು ಅದರೊಳಗೆ ಹೋಗಿ ನಿಂತು ಬಾರಿಸುತ್ತೆ. ಹಿಂದಿದ್ದ ತಂಡಗಳು ಮುಂದೆ ಹಾದು ಹೋದ ಮೇಲೆ ಹೊರಬಂದು ಮತ್ತೆ ಸಾಲು ಸೇರುತ್ತೆ. ಬೇರೆ ಕಡೆ ಡೋಲಿನವರು ಕಣ್ಮುಂದೆ ಹಾದುಹೋಗ್ತಾರೆ ಅಷ್ಟೇ, ಇಲ್ಲಿ ಬಹಳ ಹೊತ್ತು ನಿಂತೇ ಬಾರಿಸ್ತಾರೆ.

ಹೆಚ್ಚುಕಮ್ಮಿ 250 ಜನರ ತಂಡ. ಸುರ್ದೊ ಅನ್ನೋ ದೊಡ್ಡ ಡೋಲು ಲಯ ಹಿಡಿದಿರುತ್ತೆ, ಪೆಟ್ಟು ಎದೆಗೇ ತಾಗುತ್ತೆ. ತಾಂಬೊರಿಂ ಬಾರಿಸೋರ ಎಡಗೈ ನೋಡಿ: ಪುಟ್ಟ ವಾದ್ಯವನ್ನ ಪೆಟ್ಟಿನ ನಡುವೆ ಮಗುಚಿ, ಕಡ್ಡಿ ಮೇಲೇಳುವಾಗಲೂ ಅದಕ್ಕೆ ತಾಗೋ ಹಾಗೆ ಮಾಡ್ತಾರೆ. ಕುಯಿಕಾ ಅನ್ನೋ ಡೋಲಿನ ಒಳಗೆ ಚರ್ಮಕ್ಕೆ ಕಟ್ಟಿದ ಕಡ್ಡಿ ಇರುತ್ತೆ, ಅದನ್ನ ಒದ್ದೆ ಬಟ್ಟೆಯಿಂದ ತೀಡಿದಾಗ ಮನುಷ್ಯರು ಕೂಗಿದ ಹಾಗೆ ದನಿ ಬರುತ್ತೆ. ಮೇಸ್ತ್ರೆಯ (ಡೋಲಿನ ತಂಡದ ಮುಖ್ಯಸ್ಥ) ಕೈಸನ್ನೆಗೆ ಅಷ್ಟೂ ಡೋಲು ಗಪ್ಪನೆ ನಿಂತು ಹಾಡೊಂದೇ ಉಳಿಯೋ ಕ್ಷಣಕ್ಕಾಗಿ ಕಾಯಿರಿ. ಅದಕ್ಕೇ ಪರಾದೀನ್ಯಾ ಅನ್ನೋದು.

9ರಲ್ಲಿ ಸೀಟಿಗೆ ನಂಬರ್ ಇದೆ. ಉಳಿದ ಕಾಂಕ್ರೀಟ್ ಮೆಟ್ಟಿಲುಗಳಲ್ಲಿ ಮೊದಲು ಬಂದವರಿಗೆ ಜಾಗ, ಹಾಗಾಗಿ 11 ತಗೊಂಡ್ರೆ ಬೇಗ ಹೋಗಿ. ಫ್ರಿಜಾ ರಸ್ತೆಯ ಅಂಚಿನ ಬಾಕ್ಸು. ವೇಷದ ಹೊಲಿಗೆ, ಮುಖದ ಬೆವರು ಎಲ್ಲ ಕಾಣುತ್ತೆ, ಆದರೆ ಇಡೀ ಶಾಲೆ (ಮೆರವಣಿಗೆಗೆ ಇಳಿಯೋ ಒಂದೊಂದು ಬಡಾವಣೆಯ ಸಾಂಬಾ ಬಳಗಕ್ಕೆ ಶಾಲೆ ಅಂತಾರೆ) ಹೇಗೆ ಹರಿದು ಬರುತ್ತೆ ಅನ್ನೋದು ಕಾಣಲ್ಲ. ಮೊದಲ ಸಲಕ್ಕೆ ಎತ್ತರದ ಮೆಟ್ಟಿಲೇ ಮೇಲು. 12-13 ರಸ್ತೆಯ ಕೊನೆಯಲ್ಲಿವೆ.

ಬೆಸ ಸಂಖ್ಯೆಯ ಸೆಕ್ಟರ್‌ಗೆ ಮೆಟ್ರೊದಲ್ಲಿ ಸೆಂಟ್ರಲ್ ನಿಲ್ದಾಣ, ಸಮ ಸಂಖ್ಯೆಗೆ ಪ್ರಾಸಾ ಒಂಜೆ. ತಪ್ಪಿ ಇಳಿದರೆ ಮೆರವಣಿಗೆ ರಸ್ತೆ ದಾಟೋಕಾಗಲ್ಲ, ಜನಸಂದಣಿಯಲ್ಲಿ ಪೂರ್ತಿ ಸುತ್ತಬೇಕು.

ವೇಷದಂಗಡಿ:
ವೇಷ ಹಾಕಬಹುದು, ನಿಜ. ಶಾಲೆಯ ಕೆಲವು ಆಲಾಗಳು (ಒಂದೇ ವೇಷದ ತಂಡಗಳು) ಹೊರಗಿನವರಿಗೆ ವೇಷ ಮಾರ್ತಾವೆ. ಆದರೆ ಇದು ಸ್ಪರ್ಧೆ ಅನ್ನೋದು ನೆನಪಿರಲಿ. ತೀರ್ಪುಗಾರರು ಹತ್ತರಲ್ಲಿ ಒಂದಂಶದ ಲೆಕ್ಕದಲ್ಲಿ ಅಂಕ ಕಳೀತಾರೆ, ಆ ಒಂದಂಶಕ್ಕೆ ಇಡೀ ಬಡಾವಣೆಯ ವರ್ಷದ ದುಡಿಮೆ ಹೋಗಬಹುದು.

ವೇಷ ಕೈಗೆ ಬಂದ ದಿನವೇ ತಲೆ, ಕೊರಳು, ಬೆನ್ನು, ಮುಂಗೈ, ಕಾಲು ಎಲ್ಲದರ ತುಂಡೂ ಇದೆಯಾ ಎಣಿಸಿ. ಒಂದು ಕಮ್ಮಿಯಿದ್ದರೂ ಆ ರಾತ್ರಿ ಸಾಲಿಗೆ ಸೇರಿಸದೆ ಇರಬಹುದು. ಬೆನ್ನಿನ ಗರಿಗಳನ್ನ ಹೊರೋದು ತಂತಿ ಚೌಕಟ್ಟು, ಅದು ಹೆಗಲು ಉಜ್ಜುತ್ತೆ. ಪಟ್ಟಿಯ ಕೆಳಗೆ ಸ್ಪಂಜು ಹೊಲಿದುಕೊಳ್ಳಿ. ಶೂ ಬಿಗಿಯಾದರೆ ಕಾಲಲ್ಲಿ ಬೊಬ್ಬೆ ಬರುತ್ತೆ, ಒಂದು ಸೈಜು ದೊಡ್ಡದು ಕೇಳಿ ಒಳಗೆ ಮೆತ್ತೆ ಹಾಕಿ. ಮೊಬೈಲು, ವಾಚು, ಕೂಲಿಂಗ್ ಗ್ಲಾಸು, ಚೀಲ ಯಾವುದೂ ಕಾಣಿಸಬಾರದು.

ಶಾಲೆಯ ಆ ವರ್ಷದ ಹಾಡು ಕಲಿತೇ ಹೋಗಿ. ಮೆರವಣಿಗೆ ಮುಗಿಯೋ ತನಕ ಹಾಡೋದು ಅದೊಂದನ್ನೇ. ಬಾಯಿ ಮುಚ್ಚಿಕೊಂಡು ನಡೆಯೋ ಸಾಲು ಕಂಡರೆ ಹಾರ್ಮೊನಿಯಾದಲ್ಲಿ (ಎಲ್ಲರೂ ಒಟ್ಟಾಗಿ ಹಾಡೋದನ್ನ ಅಳೆಯೋ ವಿಭಾಗ) ಅಂಕ ಹೋಗುತ್ತೆ. ಪ್ರವಾಸಿಗರು ಹೆಚ್ಚು ತಪ್ಪೋದು ಇನ್ನೊಂದರಲ್ಲಿ: ಜನರತ್ತ ಕೈಬೀಸ್ತಾ ಹಿಂದೆ ಬೀಳೋದು. ಆಗ ಮುಂದಿನ ತಂಡಕ್ಕೂ ನಿಮಗೂ ನಡುವೆ ಖಾಲಿ ಬೀಳುತ್ತೆ. ಇದಕ್ಕೆ ಬುರಾಕೊ ಅಂತಾರೆ. ಡೋಲಿನವರು ರೆಕೂವೊಗೆ ಹೊಕ್ಕುವಾಗ ಈ ಅಪಾಯ ಜಾಸ್ತಿ. ಬದಿಯಲ್ಲಿ ಓಡಾಡೋ ನಿರ್ದೇಶಕರು ಕೈಯಾಡಿಸಿದರೆ ತಕ್ಷಣ ಮುನ್ನಡೀರಿ.

ದೂರದಾರಿ:
ತುಂಬಾ ಉಪಕಾರ ಆಯ್ತು. ಹಾಗಾದರೆ ನೋಡೋದೇ ಸರಿ, ವೇಷ ಬೇಡ. ಯಾವ ರಾತ್ರಿ ಹೋಗೋಣ? ಮೊಬೈಲು, ದುಡ್ಡು ಹೇಗೆ ಇಟ್ಟುಕೊಳ್ಳೋದು?

ಮೂರನೇ ಮೆಟ್ಟಿಲು:
2027ರಲ್ಲಿ ಕಾರ್ನಿವಲ್ ಮಂಗಳವಾರ ಅಂದ್ರೆ ಫೆಬ್ರವರಿ 9. ಮೇಲ್ದರ್ಜೆಯ ಶಾಲೆಗಳ ಮೆರವಣಿಗೆ 2025ರಿಂದ ಭಾನುವಾರ, ಸೋಮವಾರ, ಮಂಗಳವಾರ ಮೂರು ರಾತ್ರಿಗೆ ಹಂಚಿದೆ, ಶುರುವಾಗೋದು ರಾತ್ರಿ ಹತ್ತರ ಸುಮಾರಿಗೆ. ಬುಧವಾರ ಫಲಿತಾಂಶ. ಮುಂದಿನ ಶನಿವಾರ, 13ಕ್ಕೆ, ಗೆದ್ದ ಶಾಲೆಗಳು ಮತ್ತೆ ಬರ್ತಾವೆ. ಅವತ್ತು ಅಂಕದ ಹೆದರಿಕೆ ಇರಲ್ಲ, ನಗ್ತಾ ಕುಣೀತಾರೆ. ಒಂದೇ ರಾತ್ರಿ ಅಂದ್ರೆ ನನ್ನ ಮತ ಅದಕ್ಕೇ. ಕೈ ಬಿಗಿ ಇದ್ದರೆ ಆ ಭಾನುವಾರಕ್ಕೆ ಮುಂಚಿನ ಶುಕ್ರವಾರ, ಶನಿವಾರದ ಎರಡನೇ ದರ್ಜೆಯ ಮೆರವಣಿಗೆ ನೋಡಿ, ಟಿಕೆಟ್ ಅಗ್ಗ.

ಮೊಬೈಲ್ ಕಳವು ಹೆಚ್ಚಾಗಿ ಆಗೋದು ಬ್ಲೊಕೊಗಳಲ್ಲಿ, ಅಂದ್ರೆ ಬೀದಿಯಲ್ಲಿ ಜನ ಗುಂಪುಗೂಡಿ ಹಾಡಿ ಕುಣಿಯೋ ಕಡೆ. ಬಟ್ಟೆಯೊಳಗೆ ಸೊಂಟಕ್ಕೆ ಕಟ್ಟೋ ತೆಳು ಚೀಲಕ್ಕೆ ಅಲ್ಲಿ ದೊಲೇರಾ ಅಂತಾರೆ, ಅದರಲ್ಲಿ ಒಂದು ಕಾರ್ಡು, ಸ್ವಲ್ಪ ರಿಯಾಲ್ (ಬ್ರೆಜಿಲ್‌ನ ದುಡ್ಡು), ಪಾಸ್‌ಪೋರ್ಟಿನ ಜೆರಾಕ್ಸ್ ಸಾಕು. ಮಳೆ ಬಂದರೂ ಮೆರವಣಿಗೆ ನಿಲ್ಲಲ್ಲ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಕಾಣಲ್ಲ, ತೆಳು ರೇನ್‌ಕೋಟು ಒಯ್ಯಿರಿ.

ಕೊನೆಗೊಂದು: ಯೆಲ್ಲೊ ಫೀವರ್ ಲಸಿಕೆ ಹೊರಡೋಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿ, ಹಳದಿ ಕಾರ್ಡು (ಲಸಿಕೆಯ ಪ್ರಮಾಣಪತ್ರ) ಜೊತೆಗಿರಲಿ. ಅದಿಲ್ಲದೆ ಬ್ರೆಜಿಲ್‌ನಿಂದ ಭಾರತಕ್ಕೆ ಬಂದಿಳಿದರೆ ಕ್ವಾರಂಟೈನ್ ಮಾಡಬಹುದು.