ಎ4 ಪಿಡಿಎಫ್ ಓದಾಕ ಟ್ಯಾಬ್: 8.7 ಇಂಚು ಸಾಕೋ, 11 ಬೇಕೋ? ಬಜೆಟ್ 30 ಸಾವಿರ, ಧಾರವಾಡ

ಸಪ್ತಾಪುರ ಬಾವಿ:

ಕೆಎಎಸ್ ಪ್ರಿಲಿಮ್ಸ್ ತಯಾರಿಗೆ ಟ್ಯಾಬ್ ಬೇಕಾಗೈತ್ರಿ. ಕೆಲಸ ಮೂರ. ಎ4 ಅಳತಿ ಪಿಡಿಎಫ್ ಓದೂದು, ಅದರಾಗ ಅರ್ಧ ಸ್ಕ್ಯಾನ್ ಮಾಡಿದ ಹಳೇ ನೋಟ್ಸು, ಉಳಿದದ್ದು ಸರ್ಕಾರಿ ವರದಿ, ಪಠ್ಯಪುಸ್ತಕ. ಪೆನ್ನಿಲೆ ಅಡಿಗೆರೆ ಎಳದು ಮಗ್ಗಲಕ ಸಣ್ಣ ಟಿಪ್ಪಣಿ ಬರಿಯೂದು. ಆಮ್ಯಾಲೆ ಕ್ಲಾಸಿನ ವಿಡಿಯೋ. ಗೇಮ್ ಬ್ಯಾಡ, ಸಿಮ್ ಬೇಕಂತೇನಿಲ್ಲ. ಪೆನ್ನು, ಕವರ್ ಎಲ್ಲಾ ಸೇರಿ 30,000 ದಾಟಬಾರ್ದು, ಅಗ್ದಿ ಅನಿವಾರ್ಯ ಆದ್ರ 35. ಸಣ್ಣದು 13 ಸಾವಿರದ ಆಸುಪಾಸು ಐತಿ, 11 ಇಂಚಿಂದು ಚಲೋದು ಬೇಕಂದ್ರ ಅದರ ದುಪ್ಪಟ್ಟು. ಎರಡು ಇಂಚಿಗೆ ಅಷ್ಟು ರೊಕ್ಕ ಕೊಡೂದು ಸರಿಯೇನು? ಮತ್ತ ಹಳೇ ಮಾಡೆಲ್ ರೇಟ್ ಇಳದಾಗ ಹಿಡಿಬೇಕೋ, ಹೊಸದ ತಗೊಬೇಕೋ?

ಅಳತೆಪಟ್ಟಿ:

ಮೊದಲು ಇಂಚಿನ ಲೆಕ್ಕ ಬಿಡಿ. ಡಬ್ಬಿಯ ಮೇಲಿರುವುದು ಮೂಲೆಯಿಂದ ಮೂಲೆಗೆ ಅಳೆದ ಕರ್ಣ. ಪಿಡಿಎಫ್ ಓದುವವರು ನೋಡಬೇಕಾದದ್ದು ಟ್ಯಾಬನ್ನು ನೆಟ್ಟಗೆ ಹಿಡಿದಾಗ ಪರದೆಯ ಅಗಲ ಎಷ್ಟು ಎಂದು. ಎ4 ಹಾಳೆಯ ಅಗಲ 210 ಮಿ.ಮೀ. ಪರದೆಯ ಅಗಲವನ್ನು ಇದರಿಂದ ಭಾಗಿಸಿದರೆ ಪುಟ ಎಷ್ಟು ಕುಗ್ಗುತ್ತದೆ ಎಂಬುದು ಸಿಗುತ್ತದೆ.

ಗ್ಯಾಲಕ್ಸಿ ಟ್ಯಾಬ್ ಎ9, 8.7 ಇಂಚು: ಅಗಲ 113 ಮಿ.ಮೀ., ಪುಟ ಶೇ. 54
ಐಪ್ಯಾಡ್ ಮಿನಿ, 8.3 ಇಂಚು: 116 ಮಿ.ಮೀ., ಶೇ. 55
ಉದ್ದ-ಅಗಲ 16:10 ಅನುಪಾತದಲ್ಲಿರುವ ಯಾವುದೇ 11 ಇಂಚು: 148 ಮಿ.ಮೀ., ಶೇ. 70
ಐಪ್ಯಾಡ್ ಎ16, ಶಿಯೋಮಿ ಪ್ಯಾಡ್ 7: ಎರಡೂ ಸುಮಾರು 158 ಮಿ.ಮೀ., ಶೇ. 75
ಟ್ಯಾಬ್ ಎಸ್9 ಎಫ್‌ಇ ಪ್ಲಸ್, 12.4 ಇಂಚು: 167 ಮಿ.ಮೀ., ಶೇ. 79
ಒನ್‌ಪ್ಲಸ್ ಪ್ಯಾಡ್ ಗೋ, 11.35 ಇಂಚು: 168 ಮಿ.ಮೀ., ಶೇ. 80

ಕೊನೆಯ ಎರಡು ಸಾಲು ಗಮನಿಸಿ. 12.4 ಇಂಚಿನ ದುಬಾರಿ ಟ್ಯಾಬ್‌ಗಿಂತ 11.35 ಇಂಚಿನ ಅಗ್ಗದ ಟ್ಯಾಬ್‌ನಲ್ಲಿ ಎ4 ಪುಟ ಕೂದಲೆಳೆ ಹೆಚ್ಚೇ ದೊಡ್ಡದಾಗಿ ಕಾಣುತ್ತದೆ. ಕಾರಣ ಅನುಪಾತ: ಒನ್‌ಪ್ಲಸ್‌ನದು 7:5, ಸ್ಯಾಮ್ಸಂಗ್‌ನದು 16:10. ಸಿನಿಮಾಕ್ಕೆ 16:10 ಚೆಂದ, ಪುಸ್ತಕಕ್ಕೆ 7:5, 4:3, 3:2. ಇನ್ನೊಂದು ತಮಾಷೆ: 2022ರ ಐಪ್ಯಾಡ್ 10ನೇ ಪೀಳಿಗೆಯನ್ನು 10.9 ಇಂಚು ಎಂದು ಮಾರಿದರು, 2025ರ ಎ16 ಮಾದರಿಯನ್ನು 11 ಇಂಚು ಎನ್ನುತ್ತಾರೆ. ಎರಡರದೂ 2360×1640 ಪಿಕ್ಸೆಲ್, ನಿಜವಾದ ಕರ್ಣ 10.86 ಇಂಚು. ಪರದೆ ಒಂದಿಷ್ಟೂ ಬೆಳೆದಿಲ್ಲ.

ಈಗ ಕನ್ನಡದ ವಿಷಯ. ಶೇ. 54ಕ್ಕೆ ಕುಗ್ಗಿದರೆ 12 ಪಾಯಿಂಟ್ ಅಕ್ಷರ ಆರೂವರೆ ಪಾಯಿಂಟ್ ಆಗುತ್ತದೆ. ಇಂಗ್ಲಿಷಿನಲ್ಲಿ ಹೇಗೋ ಓದಬಹುದು. ನಮ್ಮ ಒತ್ತಕ್ಷರ ಮೂಲ ಅಕ್ಷರದ ಅರ್ಧದಷ್ಟಿರುತ್ತದೆ. ಟ್ಯಾಬ್ ಎ9ರ ಅಗಲದಲ್ಲಿ ಇರುವುದು 800 ಪಿಕ್ಸೆಲ್ ಮಾತ್ರ, ಹಾಗಾಗಿ ಒಂದು ಅಕ್ಷರಕ್ಕೆ ಸುಮಾರು 16 ಪಿಕ್ಸೆಲ್ ಎತ್ತರ, ಒತ್ತಿಗೆ ಏಳೆಂಟು. ಒತ್ತು 'ತ'ವೋ 'ನ'ವೋ ಎಂದು ಕಣ್ಣು ಕಿರಿದು ಮಾಡಬೇಕಾಗುತ್ತದೆ. ಅದೇ ಪುಟ ಐಪ್ಯಾಡ್ ಎ16ರಲ್ಲಿ ಅಕ್ಷರಕ್ಕೆ 33 ಪಿಕ್ಸೆಲ್. ಐಪ್ಯಾಡ್ ಮಿನಿಯಲ್ಲಿ ಅಕ್ಷರ ಅಷ್ಟೇ ಚಿಕ್ಕದಾದರೂ 30 ಪಿಕ್ಸೆಲ್ ಸಿಗುವುದರಿಂದ ಅಂಚು ಸ್ವಚ್ಛ, ಆದರೆ ಅದರ ಬಿಡುಗಡೆ ಬೆಲೆಯೇ 49,900. ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಆ ಎರಡು ಇಂಚಿಗೆ ರೊಕ್ಕ ಕೊಡುವುದು ಸರಿ.

ಬೆಟಗೇರಿ ಮಗ್ಗ:

ಅಳತಿ ಖರೆ, ಆದ್ರ ಒಂದು ಬಿಟ್ಟೀರಿ. ಎ4 ಹಾಳಿಗೆ ಎರಡೂ ಕಡೆ 25 ಮಿ.ಮೀ. ಖಾಲಿ ಅಂಚು ಇರತೈತಿ, ಅಕ್ಷರ ಇರೂದು ನಡುವಿನ 160 ಮಿ.ಮೀ.ನಾಗ. ರೀಡ್‌ಎರಾ ಇಲ್ಲಾ ಕೆಒರೀಡರ್ ಅನ್ನೂ ಪಿಡಿಎಫ್ ಓದೂ ಆ್ಯಪ್‌ನಾಗ ಅಂಚು ಕತ್ತರಿಸೂ ಸೌಲಭ್ಯ ಐತಿ. ಅದನ್ನ ಹಚ್ಚಿದ್ರ 8.7 ಇಂಚಿನಾಗ ಪುಟ ಶೇ. 54ರಿಂದ 70ಕ್ಕ ಏರತೈತಿ, ಅಂದ್ರ ಕತ್ತರಿಸದ 11 ಇಂಚಿನಷ್ಟ. 11 ಇಂಚಿನಾಗ ಶೇ. 92, ಹೆಚ್ಚುಕಡಿಮಿ ಮುದ್ರಿಸಿದ ಹಾಳಿನ.

ತೂಕಾನೂ ನೋಡ್ರಿ. ಟ್ಯಾಬ್ ಎ9 332 ಗ್ರಾಂ, ಐಪ್ಯಾಡ್ ಎ16 477, ಎಸ್9 ಎಫ್‌ಇ 523, ಪ್ಯಾಡ್ ಗೋ 532. ಮ್ಯಾಲೆ ಮಡಚೂ ಕವರ್ ಹಾಕಿದ್ರ ಮುಕ್ಕಾಲು ಕಿಲೋದ ಸನೇಕ ಬರತೈತಿ. ಚಿಗರಿ ಬಸ್ಸಿನಾಗ ಹುಬ್ಬಳ್ಳಿ–ಧಾರವಾಡ ನಿಂತಗೊಂಡು ಒಂದ ಕೈಲೆ ಹಿಡದು ಓದಾವ್ರಿಗೆ ಅದು ಆಗೂದಲ್ಲ. ಓದೂದಷ್ಟ ಇದ್ರ ಸಣ್ಣದು ಸಾಕು. ಪೆನ್ನು ಬೇಕು ಅಂದೀರಿ ಅಂತ ನಾನೂ 11ಕ್ಕ ಕೈ ಎತ್ತತೀನಿ. ಯಾಕಂದ್ರ ಅಂಚು ಕತ್ತರಿಸಿದ ಮ್ಯಾಲೆ ಟಿಪ್ಪಣಿ ಬರಿಯಾಕ ಜಾಗಾನ ಉಳಿಯೂದಿಲ್ಲ, ರೀಡ್‌ಎರಾದಾಗ ಕೈಬರಹಾನೂ ಇಲ್ಲ.

ಕೊಪ್ಪಿಕರ್ ರಸ್ತೆ ಗಿರಾಕಿ:

ರೇಟಿನ ಮಾತು. ಟ್ಯಾಬಿನ ಬೆಲಿ ಅಂದ್ರ ಟ್ಯಾಬಿನ ಬೆಲಿ ಅಲ್ಲ, ಪೆನ್ನು ಕೂಡ್ಸಿ ನೋಡಬೇಕು. ಬಿಡುಗಡಿ ದರದ ಲೆಕ್ಕ ಹಿಡಿರಿ.

ಐಪ್ಯಾಡ್ ಎ16, 128 ಜಿಬಿ: 34,900. ಯುಎಸ್‌ಬಿ-ಸಿ ಪೆನ್ಸಿಲ್ 7,900. ಒಟ್ಟು 42,800, ಕವರ್ ಬ್ಯಾರೆ. ಆ ಪೆನ್ಸಿಲ್‌ಗೆ ಒತ್ತಡದ ಗುರುತು ಇಲ್ಲ, ಅಡಿಗೆರಿಗೆ ಅದು ಬೇಕಾಗೂದೂ ಇಲ್ಲ.

ಶಿಯೋಮಿ ಪ್ಯಾಡ್ 7: 27,999. ಪೆನ್ನು 5,999. ಒಟ್ಟು 34 ಸಾವಿರ.

ಟ್ಯಾಬ್ ಎಸ್9 ಎಫ್‌ಇ, 10.9 ಇಂಚು: 2023ರಾಗ 36,999ಕ್ಕ ಬಂತು, ಪೆನ್ನು ಡಬ್ಬ್ಯಾಗ. ಚಾರ್ಜರ್ ಮಾತ್ರ ಇಲ್ಲ.

ಒನ್‌ಪ್ಲಸ್ ಪ್ಯಾಡ್ ಗೋ: 19,999. ಪೆನ್ನು ನಡಿಯೂದಿಲ್ಲ. ಟ್ಯಾಬ್ ಎ9, ಎ9 ಪ್ಲಸ್‌ಗೂ ಸ್ಯಾಮ್ಸಂಗ್‌ನ ಪೆನ್ನು ಎಸ್ ಪೆನ್ ನಡಿಯೂದಿಲ್ಲ. ಅಂಗಡ್ಯಾಗ ಯಾರರ "ನಡೀತೈತ್ರಿ" ಅಂದ್ರ ಅಲ್ಲೇ ಬರದು ತೋರ್ಸು ಅನ್ರಿ.

ಸಾವಿರ ರೂಪಾಯಿ ಒಳಗಿನ "ಎಲ್ಲಾ ಟ್ಯಾಬ್‌ಗೂ ಆಗೂ ಪೆನ್" ಆಂಡ್ರಾಯ್ಡ್‌ಗೆ ತರಬ್ಯಾಡ್ರಿ. ಅದು ಬೆರಳಿನ ನಕಲು. ಅಂಗೈ ಪರದೆಗೆ ತಾಗಿದ್ರ ಅದೂ ಬರೀತೈತಿ. 2018ರ ಆಮ್ಯಾಲಿನ ಐಪ್ಯಾಡ್‌ಗೆ ಅಂತ ಮಾಡಿದ ಬ್ಯಾರೆ ಕಂಪನಿ ಪೆನ್ನು ಹಂಗಲ್ಲ, ಅಂಗೈ ಬಿಟ್ಟು ತುದಿ ಅಷ್ಟ ಹಿಡಿತಾವು. ಐಪ್ಯಾಡ್ ತಗೊಂಡ್ರ 7,900 ಉಳಿಸಾಕ ಅದೊಂದು ದಾರಿ. ಸ್ಯಾಮ್ಸಂಗ್ ಎಸ್ ಪೆನ್ ವಾಕಾಮ್ ಕಂಪನಿ ತಂತ್ರದ್ದು. ಎಫ್‌ಇ ಜೊತಿ ಬರೂ ಪೆನ್ನಿಗೆ ಬ್ಯಾಟರಿನ ಇಲ್ಲ, ಚಾರ್ಜ್ ಮಾಡೂ ಗೋಜಲಿಲ್ಲ. ಕಳದ್ರ ಅದ ತಂತ್ರದ ಬ್ಯಾರೆ ಪೆನ್ನೂ ನಡಿತಾವು.

"ಬಡ್ಡಿ ಇಲ್ಲದ ಕಂತು" ಅಂತಾರಲ್ಲ, ಅದರಾಗ ಬ್ಯಾಂಕು ಬಡ್ಡಿ ಹಿಡದ ಹಿಡಿತೈತಿ, ಅಂಗಡಿಯವ್ರು ಅಷ್ಟು ರಿಯಾಯಿತಿ ಕೊಟ್ಟು ಸರಿಮಾಡ್ತಾರ. ಬಡ್ಡಿ ಮ್ಯಾಲಿನ ಶೇ. 18 ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ನಿಮ್ಮ ತಲಿ ಮ್ಯಾಲ. ಇನ್ನ ಹುಬ್ಬಳ್ಳಿ ಕೊಪ್ಪಿಕರ್ ರಸ್ತೆ, ದುರ್ಗದಬೈಲ್ ಕಡೆ ಹೋದಾಗ ಆನ್‌ಲೈನ್ ದರ ಮೊಬೈಲ್‌ನಾಗ ತೋರಸ್ರಿ. ಕಾರ್ಡ್ ರಿಯಾಯಿತಿ ಬಿಟ್ಟ ಮೂಲ ದರಕ್ಕ ಬಹಳ ಕಡೆ ಇಳೀತಾರ. ಬಿಲ್ಲಿನ ಮ್ಯಾಲೆ ಸೀರಿಯಲ್ ನಂಬರ್ ಬರಸ್ರಿ. ಮತ್ತ ಹಣ ಕೊಡೂ ಮೊದಲ ಕಂಪನಿ ಜಾಲತಾಣದಾಗ ಧಾರವಾಡದ 580001 ಇಲ್ಲಾ ಹುಬ್ಬಳ್ಳಿ ಪಿನ್ ಹಾಕಿ ಸರ್ವಿಸ್ ಸೆಂಟರ್ ಐತೋ ಇಲ್ಲೋ ನೋಡ್ರಿ. ಬೆಂಗಳೂರಿಗೆ ಕೊರಿಯರ್ ಮಾಡಿ ಕುಂದ್ರೂ ಬ್ರಾಂಡ್ ಎಷ್ಟು ಸೋವಿ ಇದ್ರೂ ತುಟ್ಟಿನ.

ಬ್ಯಾಡಗಿ ಖಾರ:

ಹಳೆಯ ಮಾದರಿಯೋ ಹೊಸದೋ ಎಂಬ ಪ್ರಶ್ನೆಗೆ: ಅಪ್‌ಡೇಟ್ ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಮಾದರಿ ಬಿಡುಗಡೆಯಾದ ದಿನದಿಂದ. ಎಸ್9 ಎಫ್‌ಇ 2023ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ 13ರೊಂದಿಗೆ ಬಂತು. ನಾಲ್ಕು ಆವೃತ್ತಿ, ಐದು ವರ್ಷ ಭದ್ರತೆ ಎಂದರೆ ಆಂಡ್ರಾಯ್ಡ್ 17, ಮತ್ತು 2028ರ ಅಕ್ಟೋಬರ್‌ವರೆಗೆ. 2025ರ ಎಸ್10 ಎಫ್‌ಇಗೆ ಏಳು ವರ್ಷ, ಬಿಡುಗಡೆ ಬೆಲೆ 42,999. ಎರಡು ಪ್ರಯತ್ನದಲ್ಲಿ ಪರೀಕ್ಷೆ ಮುಗಿಸುವ ಲೆಕ್ಕವಿದ್ದರೆ ಏಳು ವರ್ಷಕ್ಕೆ ಹೆಚ್ಚು ಹಣ ಯಾಕೆ? ಆಪಲ್ ಮುಂಚಿತವಾಗಿ ವರ್ಷ ಘೋಷಿಸುವುದಿಲ್ಲ, ಆದರೆ 2019ರ 7ನೇ ಪೀಳಿಗೆಯ ಐಪ್ಯಾಡ್ 2025ರ ಐಪ್ಯಾಡ್‌ಓಎಸ್ 26ರಲ್ಲಷ್ಟೇ ಪಟ್ಟಿಯಿಂದ ಬಿತ್ತು. ಆರು ವರ್ಷ ನಡೆಯಿತು.

ಬೆಲೆ ಇಳಿಯಲಿ ಎಂದು ಕಾಯುವವರಿಗೆ ಒಂದು ಮಾತು: 2025ರ ಕೊನೆಯಿಂದ ಮೆಮೊರಿ ಚಿಪ್ ದರ ಏರಿದೆ. ಹಳೆಯ ಮಾದರಿ ಎಂದ ಮಾತ್ರಕ್ಕೆ ಇಳಿಯುತ್ತಲೇ ಹೋಗುತ್ತದೆ ಎಂಬ ಹಿಂದಿನ ನಂಬಿಕೆ ಈಗ ನಡೆಯದು.

ಪ್ರೊಸೆಸರ್ ಹೆಸರಿಗಿಂತ ನಿಮಗೆ ಮುಖ್ಯವಾದದ್ದು ರ‍್ಯಾಮ್. ಸ್ಕ್ಯಾನ್ ಪಿಡಿಎಫ್‌ನ ಪ್ರತಿ ಪುಟವೂ ಒಂದು ಚಿತ್ರ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದ ಎ4 ಪುಟ 4960×7016 ಪಿಕ್ಸೆಲ್, ಬಣ್ಣದ್ದಾದರೆ ಬಿಚ್ಚಿದಾಗ ಮೆಮೊರಿಯಲ್ಲಿ 139 ಎಂಬಿ ಹಿಡಿಯುತ್ತದೆ. ಕಡತ ಡಿಸ್ಕ್‌ನಲ್ಲಿ ಚಿಕ್ಕದಿದ್ದರೂ ಇದು ತಪ್ಪುವುದಿಲ್ಲ. 4 ಜಿಬಿ ಟ್ಯಾಬ್‌ನಲ್ಲಿ ಅರ್ಧ ಮೆಮೊರಿಯನ್ನು ಆಂಡ್ರಾಯ್ಡೇ ತಿಂದಿರುತ್ತದೆ. ಹಿಂದೆ ಮುಂದೆ ನಾಲ್ಕು ಪುಟ ತಿರುಗಿಸುವಷ್ಟರಲ್ಲಿ ಪುಟ ಬೆಳ್ಳಗಾಗಿ ನಿಲ್ಲುತ್ತದೆ, ಕೆಲವೊಮ್ಮೆ ಆ್ಯಪ್ ಮುಚ್ಚಿಕೊಳ್ಳುತ್ತದೆ. ಆಂಡ್ರಾಯ್ಡ್ ಆದರೆ 6 ಜಿಬಿಗಿಂತ ಕೆಳಗೆ ಇಳಿಯಬೇಡಿ. ಸಂಗ್ರಹ 128 ಜಿಬಿ, ಬಗೆ ಯುಎಫ್‌ಎಸ್ ಎಂದಿರಲಿ, ಅದು ವೇಗದ ಬಗೆ. ಇಎಂಎಂಸಿ ಎಂಬ ನಿಧಾನ ಬಗೆ ಇದ್ದರೆ ದೊಡ್ಡ ಕಡತ ತೆರೆಯುವುದೂ ಅಪ್‌ಡೇಟ್ ಕೂರಿಸುವುದೂ ನಿಧಾನ.

ಮೂಲ ಕಾಯಿಲೆಗೆ ಮದ್ದು ಕಡತದಲ್ಲೇ ಇದೆ. ಕಂಪ್ಯೂಟರ್‌ನಲ್ಲಿ ಗೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶ ಬಳಸಿ ಸ್ಕ್ಯಾನ್‌ಗಳನ್ನು 200 ಡಿಪಿಐಗೆ ಇಳಿಸಿ. ಆಗ ಪುಟದ ಅಗಲ 1654 ಪಿಕ್ಸೆಲ್, ಐಪ್ಯಾಡ್ ಪರದೆಯ ಅಗಲ 1640. ಹಿಗ್ಗಿಸದೆ ಓದುವುದಾದರೆ ಅದಕ್ಕಿಂತ ಹೆಚ್ಚು ಕಾಣುವುದೇ ಇಲ್ಲ. ಮೆಮೊರಿಯಲ್ಲಿ ಪುಟಕ್ಕೆ 15 ಎಂಬಿ ಸಾಕು. ಸಣ್ಣ ಅಕ್ಷರದ ಕನ್ನಡ ಪುಟವಾದರೆ 300 ಇಡಿ, 150ಕ್ಕೆ ಹೋದರೆ ಒತ್ತು ಕಲಸಿಹೋಗುತ್ತದೆ.

ಕನ್ನಡ ಪಿಡಿಎಫ್‌ನಲ್ಲಿ ಪದ ಹುಡುಕಿದರೆ ಏನೂ ಸಿಗುವುದಿಲ್ಲ ಎಂದು ಟ್ಯಾಬನ್ನು ಬೈಯಬೇಡಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಕಡತದೊಳಗೆ ಇರುವುದು ಲ್ಯಾಟಿನ್ ಸಂಕೇತಗಳು, ತೋರುವುದು ಮಾತ್ರ ಕನ್ನಡ. ಒಸಿಆರ್‌ಮೈಪಿಡಿಎಫ್ ತಂತ್ರಾಂಶಕ್ಕೆ, ಅದು ಬಳಸುವ ಟೆಸರಾಕ್ಟ್‌ನ ಕನ್ನಡ ಕಡತ ಸೇರಿಸಿ, ಇರುವ ಪಠ್ಯ ಬಿಟ್ಟು ಹೊಸದಾಗಿ ಒಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವುದು) ಮಾಡು ಎಂಬ ಆಯ್ಕೆ ಕೊಟ್ಟು ಓಡಿಸಿ. ಒತ್ತಕ್ಷರದಲ್ಲಿ ತಪ್ಪು ಬರುತ್ತದೆ, ಆದರೂ ಹುಡುಕಾಟಕ್ಕೆ ಸಾಲುತ್ತದೆ.

ಸಪ್ತಾಪುರ ಬಾವಿ:

ಉಪಕಾರ ಆತ್ರಿ. ಎಸ್9 ಎಫ್‌ಇ 30ರ ಒಳಗ ಸಿಕ್ರ ಅದನ್ನ ಹಿಡೀಬೇಕು ಅಂತ ಮಾಡೇನಿ. ಇನ್ನೊಂದು: ಬಳಸಿದ 9ನೇ ಪೀಳಿಗೆ ಐಪ್ಯಾಡ್ 64 ಜಿಬಿ, ಹಳೇ ಪೆನ್ಸಿಲ್ ಜೊತಿ 17 ಸಾವಿರಕ್ಕ ಕೊಡ್ತೀನಿ ಅನ್ನಾಕತ್ತಾರ. ಉತ್ತರ ಬರಿಯೂ ಅಭ್ಯಾಸಾನೂ ಟ್ಯಾಬ್ ಮ್ಯಾಲೆ ಮಾಡಬಹುದೇನು?

ಅಳತೆಪಟ್ಟಿ:

ಉತ್ತರ ಬರೆಯುವ ಅಭ್ಯಾಸ ಬೇಡವೇ ಬೇಡ. ಮೇನ್ಸ್ ಕಾಗದದ ಮೇಲೆ, ಮೂರು ತಾಸು, ಬಾಲ್‌ಪೆನ್ನಿನಲ್ಲಿ. ಗಾಜಿನ ಮೇಲೆ ಪಳಗಿದ ಕೈಗೆ ಆ ಒತ್ತಡ ಗೊತ್ತಾಗುವುದಿಲ್ಲ.

9ನೇ ಪೀಳಿಗೆಯ ಐಪ್ಯಾಡ್‌ನ ಅಗಲ 156 ಮಿ.ಮೀ., ಪುಟ ಶೇ. 74. ಓದಲು ಎ16ಕ್ಕೂ ಅದಕ್ಕೂ ವ್ಯತ್ಯಾಸ ಕಾಣದು. ಎ13 ಚಿಪ್, 3 ಜಿಬಿ ರ‍್ಯಾಮ್. ಐಪ್ಯಾಡ್‌ಓಎಸ್ 26 ನಡೆಯುತ್ತದೆ. ಕೊರತೆ 64 ಜಿಬಿ, ಅದರಲ್ಲಿ ಕಾರ್ಡ್ ಹಾಕುವ ಜಾಗವೂ ಇಲ್ಲ. ಕ್ಲಾಸಿನ ವಿಡಿಯೋ ಇಳಿಸಿಟ್ಟುಕೊಳ್ಳುವವರಿಗೆ ಒಂದು ತಿಂಗಳಲ್ಲಿ ತುಂಬುತ್ತದೆ. ಪರದೆಯ ಗಾಜು ಮತ್ತು ಡಿಸ್ಪ್ಲೇ ಬೇರೆ ಬೇರೆ ಇರುವುದರಿಂದ ಗಾಜಷ್ಟೇ ಒಡೆದರೆ ರಿಪೇರಿ ಅಗ್ಗ, ಆದರೆ ಪೆನ್ನಿನ ತುದಿಗೂ ಗೆರೆಗೂ ನಡುವೆ ಸಣ್ಣ ಅಂತರ ಕಾಣುತ್ತದೆ.

ಬ್ಯಾಡಗಿ ಖಾರ:

ಕೊಳ್ಳುವುದಾದರೆ ಮಾರುವವರ ಎದುರಿಗೇ ಇಷ್ಟು ಮಾಡಿ. ಸೆಟ್ಟಿಂಗ್ಸ್‌ನ ಅಬೌಟ್‌ನಲ್ಲಿ ಮಾಡೆಲ್ ನಂಬರ್‌ನ ಮೊದಲ ಅಕ್ಷರ ನೋಡಿ: ಎಂ ಇದ್ದರೆ ಹೊಸದಾಗಿ ಮಾರಿದ್ದು, ಎಫ್ ಇದ್ದರೆ ಕಂಪನಿಯೇ ಸರಿಪಡಿಸಿ ಮಾರಿದ್ದು, ಎನ್ ಇದ್ದರೆ ಬದಲಿ ಕೊಟ್ಟದ್ದು. ನಂತರ ಅವರಿಂದಲೇ ಆಪಲ್ ಐಡಿ ತೆಗೆಸಿ, ಪೂರ್ತಿ ಅಳಿಸಿ, ಮೊದಲಿನಿಂದ ಸೆಟಪ್ ಮಾಡಿಸಿ. ನಡುವೆ ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿದರೆ, ಅಥವಾ "ಈ ಐಪ್ಯಾಡನ್ನು ಸಂಸ್ಥೆಯೊಂದು ನಿರ್ವಹಿಸುತ್ತಿದೆ" ಎಂಬರ್ಥದ ಪರದೆ ಬಂದರೆ ಎದ್ದು ಬನ್ನಿ. ಕೋಚಿಂಗ್ ಕಂಪನಿಗಳು ಕೋರ್ಸಿನ ಜೊತೆ ಕೊಟ್ಟ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲೂ ಇಂಥ ಬೀಗ ಇರುತ್ತದೆ, ಅಳಿಸಿದರೂ ಹೊಳ್ಳಿ ಬಂದು ಕೂರುತ್ತದೆ.

ಈ ಮಾದರಿಯಲ್ಲಿ ಬ್ಯಾಟರಿ ಆರೋಗ್ಯ ಸೆಟ್ಟಿಂಗ್ಸ್‌ನಲ್ಲಿ ಕಾಣುವುದಿಲ್ಲ. ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ 3ಯು ಟೂಲ್ಸ್ ಎಂಬ ತಂತ್ರಾಂಶದಲ್ಲಿ ನೋಡಿ. ಶೇ. 80ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ.

ಕೊಪ್ಪಿಕರ್ ರಸ್ತೆ ಗಿರಾಕಿ:

ಪೆನ್ಸಿಲ್ ಬ್ಯಾರೆ ನೋಡ್ರಿ. ಮೊದಲ ಪೀಳಿಗೆದು ತಿಂಗಳುಗಟ್ಟಲೆ ಚಾರ್ಜ್ ಇಲ್ಲದ ಬಿದ್ದಿದ್ರ ಬ್ಯಾಟರಿ ಸತ್ತಿರತೈತಿ, ರಿಪೇರಿ ಆಗೂದಿಲ್ಲ. ಐಪ್ಯಾಡಿನ ಲೈಟ್ನಿಂಗ್ ಕಿಂಡ್ಯಾಗ ಚುಚ್ಚಿ ಹತ್ತು ನಿಮಿಷ ಬಿಟ್ಟು, ಬ್ಯಾಟರಿ ವಿಜೆಟ್‌ನಾಗ ಶೇಕಡಾ ಏರತೈತೋ ಇಲ್ಲೋ ನೋಡ್ರಿ. ಆಮ್ಯಾಲೆ ನೋಟ್ಸ್ ಆ್ಯಪ್‌ನಾಗ ಪಟ್ಟಿ ಇಟ್ಟು ಮೂಲಿಯಿಂದ ಮೂಲಿಗೆ ಸಾವಕಾಶ ಗೆರಿ ಎಳೀರಿ. ನಡುವ ಗೆರಿ ತುಂಡಾತು ಅಂದ್ರ ತುದಿ ಸವದೈತಿ, ಇಲ್ಲಾ ಗಾಜು ಬ್ಯಾರೆ ಕಂಪನಿದು ಹಾಕ್ಯಾರ. ತುದಿ ಬದಲಿಸಿದ್ರೂ ಅಲ್ಲೇ ತುಂಡಾದ್ರ ಗಾಜಿನ ತಪ್ಪು, ಬಿಟ್ಟು ಎಸ್9 ಎಫ್‌ಇ ಕಡೆ ನಡೀರಿ.